ಮೇನ್ ನೋಡಿ ಬರೋಣ ಬಾ

ಅವರ ದನಿಗೆ ಮೆದುವಾಗುವುದು ಗೊತ್ತೇ ಇರಲಿಲ್ಲ. ಪಾಠ ಹೇಳಲು ಬರುವ ಮೊದಲು ಬಹಳ ವರ್ಷ ಅಕ್ಕಿ ಗಿರಣಿಯೊಂದರಲ್ಲಿ ಮೋಟಾರು ನೋಡಿಕೊಳ್ಳುತ್ತಿದ್ದವರು. ಗಿರಣಿಯ ಸದ್ದನ್ನು ಮೀರಿ ಕೂಗಿ ಕೂಗಿ ಗಂಟಲು ಆ ಅಳತೆಗೇ ಕೂತುಬಿಟ್ಟಿತ್ತು. "ಚಾ ಆಯ್ತೇನೋ?" ಎಂದು ಅವರು ಒಬ್ಬನನ್ನು ವಿಚಾರಿಸಿದರೆ, ಗೇಟಿನಾಚೆ ರಸ್ತೆಯಲ್ಲಿ ಹೋಗುವವರು ತಮ್ಮನ್ನೇ ಬೈದರೆಂದು ನಿಂತು ನೋಡುತ್ತಿದ್ದರು. ಮೀಸೆ ದಪ್ಪ, ಹುಬ್ಬು ಅದಕ್ಕಿಂತ ದಪ್ಪ. ನಗುವುದು ಕಡಿಮೆ. ನಕ್ಕಾಗ ಸದ್ದು ಹೊರಗೆ ಬರುತ್ತಿರಲಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತಿತ್ತು.

ಹೊನ್ನಾಳಿಯ ಹೊರಗೆ ಆಗ ಒಂದು ಸಣ್ಣ ಖಾಸಗಿ ಐಟಿಐ ಇತ್ತು. ಈಗ ಅದು ಮುಚ್ಚಿದೆ. ಆ ಶೆಡ್ಡಿನಲ್ಲಿ ಯಾರೋ ಗೊಬ್ಬರದ ಚೀಲ ಪೇರಿಸಿಟ್ಟಿದ್ದಾರೆ. ಅಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ ಅವರು ಸರ್. ನಾನು ಆ ಬ್ಯಾಚಿನಲ್ಲಿದ್ದ ಒಬ್ಬಳೇ ಹುಡುಗಿ. ಅವರ ಊರು ಚನ್ನಗಿರಿ. ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಹೆಸರು ಬರೆಯುವುದಿಲ್ಲ. ಹೆಸರುಗಳಿಗೂ ಅವರಿಗೂ ಅಷ್ಟಕ್ಕಷ್ಟೆ. ನಮ್ಮಲ್ಲಿ ಯಾರ ಹೆಸರೂ ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಊರು ಹಿಡಿದು ಕರೆಯುತ್ತಿದ್ದರು. "ಏ ಗೋವಿನಕೋವಿ, ಇಕ್ಕಳ ತಗೊಂಬಾ." "ಏ ಕೆರೆಬಿಳಚಿ, ಬಾಯಿ ಮುಚ್ಚು." ನಾನು ನ್ಯಾಮತಿ. ಕೊನೆಗೆ ನಾವೂ ಒಬ್ಬರನ್ನೊಬ್ಬರು ಹಾಗೇ ಕರೆದುಕೊಳ್ಳಲು ಶುರುಮಾಡಿದೆವು. ಈಗಲೂ ನನ್ನ ಫೋನಿನಲ್ಲಿ ಆ ಇಬ್ಬರ ನಂಬರ್ ಇರುವುದು ಊರಿನ ಹೆಸರಲ್ಲೇ.

ಮೊದಲ ದಿನ ಅವರು ಯಾರ ಹೆಸರನ್ನೂ ಕೇಳಲಿಲ್ಲ, ಎಸ್ಸೆಸ್ಸೆಲ್ಸಿ ಅಂಕವನ್ನೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು, "ನಿಮ್ಮನೇಲಿ ಕೆಟ್ಟಿರೋ ಸ್ವಿಚ್ ಯಾವುದು? ಒಬ್ಬೊಬ್ಬರಾಗಿ ಹೇಳ್ರಿ" ಅಂದರು.

ಹುಡುಗರು ಗಲಿಬಿಲಿಗೊಂಡರು. ಒಬ್ಬ ಬಚ್ಚಲಮನೆಯದು ಅಂದ. ಗೋವಿನಕೋವಿಯವನು ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂದ. ಕೆರೆಬಿಳಚಿಯವನು, "ನಮ್ಮನೇಲಿ ಎಲ್ಲಾ ಸರಿ ಐತೆ ಸರ್, ನಮ್ಮಜ್ಜಿ ಒಬ್ಬಳೇ ಕೆಟ್ಟಿರೋದು" ಅಂದು ಎಲ್ಲರನ್ನೂ ನಗಿಸಿದ. ನನ್ನ ಸರದಿ ಬಂತು. ಇದ್ದದ್ದನ್ನು ಹೇಳಿದೆ.

"ನಮ್ಮನೇಲಿ ಸ್ವಿಚ್ಚೇ ಇಲ್ಲ ಸರ್. ಬಲ್ಬು ತಿರುವಿದ್ರೆ ಹತ್ತುತ್ತೆ, ಸಡಿಲ ಮಾಡಿದ್ರೆ ಆರುತ್ತೆ."

ನಗೆ ಇನ್ನೂ ಜೋರಾಯಿತು. ಸರ್ ಯಾರನ್ನೂ ಗದರಿಸಲಿಲ್ಲ. ನಗು ತಾನಾಗಿ ಮುಗಿಯುವವರೆಗೆ ನಿಂತಿದ್ದು, "ನೀವು ಕಲಿಯೋದು ರಿಪೇರಿ. ಈಕಿ ಕಲಿಯೋದು ಹೊಸ ವೈರಿಂಗು. ಯಾರ ಕೆಲಸ ದೊಡ್ಡದು ನೋಡ್ಕಳ್ರಿ" ಅಂದರು. ಅಷ್ಟೇ. ಅವತ್ತು ಮನೆಗೆ ಹೋಗಿ ಆ ಬಲ್ಬನ್ನು ಬೇರೆ ಕಣ್ಣಿನಿಂದ ನೋಡಿದೆ. ವರ್ಷ ಮುಗಿಯುವಷ್ಟರಲ್ಲಿ ನಮ್ಮ ಮನೆಗೆ ನಾನೇ ಎಳೆದ ವೈರು, ನಾನೇ ಕೂರಿಸಿದ ಸ್ವಿಚ್ ಬೋರ್ಡು ಬಂತು. ಅವ್ವ ಮೊದಲ ಕೆಲವು ದಿನ ಸುಮ್ಮಸುಮ್ಮನೆ ಹಾಕಿ ತೆಗೆದು ಮಾಡುತ್ತಿದ್ದಳು.

ಪ್ರಶ್ನೆ ಕೇಳುವುದರಲ್ಲೂ ಅವರದೊಂದು ಕ್ರಮ ಇತ್ತು. ಪ್ರಶ್ನೆ ಹಾಕಿದ ತಕ್ಷಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಲು ಶುರು ಮಾಡುತ್ತಿದ್ದರು. ಒರೆಸಿ, ಊದಿ, ಮತ್ತೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮೂಗಿನ ಮೇಲೆ ಕೂರಿಸುವವರೆಗೆ ಯಾರೂ ಉತ್ತರ ಹೇಳುವ ಹಾಗಿಲ್ಲ. ಮುಂದಿನ ಬೆಂಚಿನ ಚುರುಕಿನವರಿಗೆ ತಡೆಯಲಾಗುತ್ತಿರಲಿಲ್ಲ. "ಸರ್, ಸರ್" ಅಂತ ಕೈ ಎತ್ತಿದರೆ, "ನನಗೆ ಕಣ್ಣು ಕಾಣ್ತಿಲ್ಲ, ತಡಿ" ಅನ್ನುತ್ತಿದ್ದರು. ಅಷ್ಟು ಹೊತ್ತಿಗೆ ಹಿಂದಿನ ಬೆಂಚಿನವನೂ ತಲೆಯೊಳಗೆ ಉತ್ತರ ಜೋಡಿಸಿಕೊಂಡಿರುತ್ತಿದ್ದ. ಇವರಿಗೆ ಕನ್ನಡಕದ ಧೂಳಿನ ಚಿಂತೆ ಜಾಸ್ತಿ ಅಂತ ನಾವು ಆಡಿಕೊಂಡು ನಗುತ್ತಿದ್ದೆವು. ನಾನು ಪಾಠ ಮಾಡಲು ನಿಂತ ಮೇಲೆ ಅದರ ಅರ್ಥವಾಯಿತು. ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ನಿಲ್ಲುವಷ್ಟು ಕಷ್ಟದ ಕೆಲಸ ಮೇಷ್ಟ್ರಿಗೆ ಇನ್ನೊಂದಿಲ್ಲ. ನನಗೆ ಕನ್ನಡಕ ಇಲ್ಲ. ನಾನು ಡಸ್ಟರ್ ಜಾಡಿಸುತ್ತೇನೆ.

ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. "ಗುಡ್", "ಶಭಾಷ್" ಇವೆಲ್ಲ ಅವರ ಬಾಯಲ್ಲಿ ನಾನು ಕೇಳಿಲ್ಲ. ವೈರಿಂಗ್ ಮುಗಿಸಿ ತೋರಿಸಿದರೆ ಒಂದೊಂದೇ ಸ್ಕ್ರೂ ತಿರುಗಿಸಿ, ವೈರು ಎಳೆದು, "ಇದಕ್ಕೆ ಕರೆಂಟ್ ಕೊಡಬಹುದು" ಅಂದರೆ ಮುಗಿಯಿತು. ಅದನ್ನು ಕೇಳುವುದಕ್ಕೆ ನಾವು ಮಧ್ಯಾಹ್ನದ ಊಟ ಬಿಟ್ಟು ಕೂತದ್ದಿದೆ.

ಅವರ ದೊಡ್ಡ ವಿದ್ಯೆ ಮಾತ್ರ ಬೇರೆಯೇ ಇತ್ತು.

ನಮ್ಮ ಶೆಡ್ಡಿಗೆ ಕರೆಂಟು ಬರುವ ಮೇನ್ ಸ್ವಿಚ್ ಹಿಂದಿನ ಗೋಡೆಗೆ, ಹೊರಗಡೆ ಇತ್ತು. ಮೇಲೆ ತಗಡಿನ ಒಂದು ಸಣ್ಣ ಮರೆ, ಪಕ್ಕದಲ್ಲಿ ನೀರಿನ ನಲ್ಲಿ, ಉಳಿದದ್ದೆಲ್ಲ ಬಯಲು ಬಿಸಿಲು. ಸರ್ ಯಾರ ಹತ್ತಿರವಾದರೂ ಕಟ್ಟುನಿಟ್ಟಿನ ಮಾತು ಆಡಬೇಕಾದರೆ ಪಾಠ ನಿಲ್ಲಿಸಿ, "ಮೇನ್ ನೋಡಿ ಬರೋಣ ಬಾ" ಅಂತ ಕರೆದುಕೊಂಡು ಹೋಗುತ್ತಿದ್ದರು. ಶೆಡ್ಡಿನೊಳಗೆ ಎಲ್ಲರೆದುರು ಅವರು ಬೈದದ್ದು ನಾನು ಕಾಣೆ. ಕೂಗುತ್ತಿದ್ದರು, ಅದು ಬೇರೆ. ಅದು ಅವರ ಗಂಟಲು. ಬೈಯುವುದು ಮೇನ್ ಹತ್ತಿರ, ಅದೂ ಆ ಗಂಟಲನ್ನು ಹೇಗೋ ಹಿಡಿದು ಕುಗ್ಗಿಸಿಕೊಂಡು.

ಇದರಲ್ಲಿ ಜಾಣತನ ಎಲ್ಲಿತ್ತು ಅಂದರೆ, ಒಳ್ಳೆಯ ಮಾತಿಗೂ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದರು. ಒಬ್ಬನಿಗೆ ಕೆಲಸದ ಸಂದರ್ಶನ ಬಂದಿದೆ ಅಂತ ಹೇಳುವುದಕ್ಕೂ ಮೇನ್. ಇನ್ನೊಬ್ಬನ ಅಪ್ಪನಿಗೆ ಹುಷಾರಿಲ್ಲವಲ್ಲ, ಈಗ ಹೇಗಿದ್ದಾರೆ ಅಂತ ಕೇಳುವುದಕ್ಕೂ ಮೇನ್. ಹಾಗಾಗಿ ಒಬ್ಬ ಅಲ್ಲಿಗೆ ಹೋಗಿ ಬಂದರೆ ಬೈಸಿಕೊಂಡನೋ ಒಳ್ಳೆ ಸುದ್ದಿ ಕೇಳಿದನೋ ಉಳಿದವರಿಗೆ ಗೊತ್ತಾಗುತ್ತಿರಲಿಲ್ಲ. ಚುಡಾಯಿಸುವುದಕ್ಕೆ ಯಾರಿಗೂ ಏನೂ ಸಿಗುತ್ತಿರಲಿಲ್ಲ. "ಏನಂದ್ರೋ?" ಅಂತ ಕೇಳಿದರೆ, "ಮೇನ್ ಸರಿ ಐತೆ ಅಂದ್ರು" ಅನ್ನುವುದು ನಮ್ಮೆಲ್ಲರ ಒಂದೇ ಉತ್ತರವಾಗಿತ್ತು.

ಮೊನ್ನೆ ನಮ್ಮಂಥ ಒಂದಷ್ಟು ಮಂದಿ ಬೋಧಕರಿಗೆ ಎರಡು ದಿನದ ತರಬೇತಿ ಇತ್ತು. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿಯ ಯುವಕರೊಬ್ಬರು ಪರದೆಯ ಮೇಲೆ 'ಸಾಫ್ಟ್ ಸ್ಕಿಲ್ಸ್' ಅಂತ ದೊಡ್ಡದಾಗಿ ತೋರಿಸಿ, ಬೋಧಕರಿಗೆ ಇದು ಯಾಕೆ ಮುಖ್ಯ ಅಂತ ಕೇಳಿದರು. ನನ್ನ ಪಕ್ಕದಲ್ಲಿದ್ದ ವೆಲ್ಡಿಂಗ್ ಟ್ರೇಡಿನ ಹಿರಿಯರು, "ನಮ್ದು ಕಬ್ಬಿಣದ ಕೆಲಸ ಸರ್, ಇದ್ರಾಗೆ ಸಾಫ್ಟ್ ಎಲ್ಲಿಂದ ತರಾಕೆ ಆಗುತ್ತೆ?" ಅಂದರು. ಸಭೆ ನಕ್ಕಿತು. ಆ ಯುವಕರು ಬೇಸರ ಮಾಡಿಕೊಳ್ಳದೆ ಹೇಳಿದರು: ಮುಗುಳ್ನಗೆ ಇರಲಿ, ದನಿ ಮೆಲ್ಲಗಿರಲಿ, ಹೆಸರು ಹಿಡಿದು ಕರೆಯಿರಿ, ಮೆಚ್ಚುಗೆಯ ಮಾತು ಆಡಿ.

ನಾನು ಕೂತಲ್ಲೇ ಲೆಕ್ಕ ಹಾಕಿದೆ. ನಮ್ಮ ಸರ್ ನಾಲ್ಕರಲ್ಲೂ ಫೇಲು.

ಹಾಗಂತ ಆ ಯುವಕರು ಹೇಳಿದ್ದು ತಪ್ಪಲ್ಲ. ನನ್ನ ತಕರಾರು ಇಷ್ಟೇ: ಅದನ್ನು ಮೈಮೇಲೆ ಹಾಕಿಕೊಳ್ಳುವ ಅಂಗಿಯ ಹಾಗೆ ಹೇಳಿದರು. ಅದು ಕೆಲಸ. ಜಾಯಿಂಟ್ ಕಟ್ಟುವುದನ್ನು ಕಲಿತ ಹಾಗೆ ಕೈಯಿಂದ ಕಲಿಯಬೇಕಾದ ಕೆಲಸ. ಕಲಿಸುವವನಿಗೆ ವಿಷಯ ಗೊತ್ತಿದ್ದರೆ ಅರ್ಧ ಆಯಿತು. ಎದುರಿಗೆ ಕೂತವರ ಮರ್ಯಾದೆಯನ್ನು ಎಲ್ಲಿ ಹೇಗೆ ಹಿಡಿಯಬೇಕು ಅನ್ನುವುದು ಉಳಿದರ್ಧ. ಆ ಅರ್ಧ ಇಲ್ಲದ ಬೋಧಕರನ್ನು ನಾನು ಕಂಡಿದ್ದೇನೆ. ವಿಷಯದಲ್ಲಿ ಪಂಡಿತರು, ಅವರ ತರಗತಿ ದೀಪಾವಳಿ ಹೊತ್ತಿಗೆ ಅರ್ಧ ಖಾಲಿ.

ನಮ್ಮಪ್ಪ ಹಾಸಿಗೆ, ದಿಂಬು ಹೊಲಿಯುವವನು. ಹತ್ತಿ ಹಿಂಜುವುದು ನಮ್ಮ ಮನೆತನದ ಕೆಲಸ. ಹಳೆ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಕೊಡುತ್ತಾನೆ. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲನೆಯವಳು ನಾನು. ಐಟಿಐ ಆಮೇಲೆ ಡಿಪ್ಲೊಮಾ, ಕೆಲಸ ಮಾಡಿಕೊಂಡು ಬಿ.ಇ. ಮುಗಿಸಿ ಡಿಗ್ರಿ ತಂದ ಮೊದಲನೆಯವಳೂ ನಾನೇ. ಇದನ್ನು ಹೇಳುವಾಗ ನಾನು ದನಿ ಇಳಿಸುವುದಿಲ್ಲ. ಇದನ್ನು ಯಾರೂ ನನ್ನ ಕೈಗೆ ತಂದು ಕೊಟ್ಟದ್ದಲ್ಲ. ಆದರೆ ಇದು ನಿಂತು ಹೋಗಬಹುದಾಗಿದ್ದ ಒಂದು ಮಧ್ಯಾಹ್ನ ಇತ್ತು. ಆ ಮಧ್ಯಾಹ್ನ ಸರ್ ಅಲ್ಲಿದ್ದರು.

ಅದಕ್ಕೆ ಮುಂಚೆ ಅಪ್ಪ ಬಂದದ್ದನ್ನು ಹೇಳಬೇಕು. ಪೋಷಕರನ್ನು ಕರೆದಿದ್ದರು ಅಂತ ಅಪ್ಪ ಒಗೆದ ಅಂಗಿ ಹಾಕಿಕೊಂಡು ಬಂದ. ಬಂದವನು ಶೆಡ್ಡಿನ ಬಾಗಿಲಲ್ಲೇ ನಿಂತ. ಸರ್ ಕುರ್ಚಿ ತೋರಿಸಿ, "ಕುಂತ್ಕಳ್ರೀ ಯಜಮಾನ್ರೆ" ಅಂದರು.

"ಇರ್ಲಿ ಬಿಡ್ರಿ ಸಾ, ನಿಂತೇ ಇರ್ತೀನಿ. ಮೈಯೆಲ್ಲಾ ಹತ್ತಿ ಐತೆ."

ಅಪ್ಪನ ಮೈಮೇಲೆ ಅವತ್ತು ಒಂದೆಳೆ ಹತ್ತಿಯೂ ಇರಲಿಲ್ಲ. ಸರ್ ಒತ್ತಾಯ ಮಾಡಲಿಲ್ಲ. ತಾವೂ ಎದ್ದರು. ಮಾತು ಮುಗಿಯುವವರೆಗೂ ಇಬ್ಬರೂ ನಿಂತೇ ಮಾತಾಡಿದರು, ನಡುವೆ ಖಾಲಿ ಕುರ್ಚಿ. ಮನೆಗೆ ಬಂದ ಅಪ್ಪ ಅವ್ವನಿಗೆ ಹೇಳಿದ್ದು ನನ್ನ ಅಂಕದ ಸುದ್ದಿಯನ್ನಲ್ಲ. "ಆ ಮೇಷ್ಟ್ರು ನನ್ನ ಜೊತೆ ನಿಂತ್ಕಂಡೇ ಮಾತಾಡಿದ್ರು ಕಣೆ" ಅಂತ.

ಆದರೂ ಅಪ್ಪನ ಮನಸ್ಸು ಪೂರ್ತಿ ಗಟ್ಟಿಯಾಗಿರಲಿಲ್ಲ. ನೆಂಟರ ಬಾಯಿ ಸುಮ್ಮನಿರಲಿಲ್ಲ. ಹೆಣ್ಣುಮಗಳು ಗಂಡು ಹುಡುಗರ ಮಧ್ಯೆ ಏಣಿ ಹತ್ತುವುದೇನು, ಅಲ್ಲೇ ಟೈಲರಿಂಗ್ ಐತಲ್ಲ ಅನ್ನುತ್ತಿದ್ದರು. ಟೈಲರಿಂಗ್ ಅಂದರೆ ಅಪ್ಪನ ಲೆಕ್ಕದಲ್ಲಿ ಸೂಜಿ ದಾರ. ಅದು ಮನೆಯಲ್ಲೇ ಇದೆ, ಅದಕ್ಕೆ ದಿನಾ ಹೊನ್ನಾಳಿ ಬಸ್ಸು ಹತ್ತಬೇಕಾಗಿಲ್ಲ. ಅಂದರೆ ನನ್ನನ್ನು ಟೈಲರಿಂಗಿಗೆ ಹಾಕಿದ ದಿನ ನನ್ನ ಓದು ಮುಗಿಯುತ್ತದೆ. ಇದು ನನಗೂ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು.

ಎರಡನೆಯ ವರ್ಷದ ಬೇಸಿಗೆ. ಗೋವಿನಕೋವಿಯವನು ಗೋಡೆಯ ಮೇಲಿನ ಬೋರ್ಡಿಗೆ ಸ್ಟಾರ್ಟರ್ ಜೋಡಿಸುತ್ತಿದ್ದ. ಅಂಥ ಕೆಲಸಕ್ಕೆ ನಮ್ಮಲ್ಲಿ ಒಂದು ಕಟ್ಟುನಿಟ್ಟಿತ್ತು. ಕೆಲಸಕ್ಕೆ ಇಳಿಯುವವನು ಮೊದಲು ಮೇನ್ ಆಫ್ ಮಾಡಿ, ಫ್ಯೂಸನ್ನು ಕಿತ್ತು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಫ್ಯೂಸ್ ಅವನ ಜೇಬಿನಲ್ಲಿದ್ದರೆ ಬೇರೆ ಯಾರೂ ಕರೆಂಟು ಕೊಡಲಾರರು. "ನಿನ್ನ ಜೀವ ನಿನ್ನ ಜೇಬಿನಾಗೆ ಇರ್ಲಿ" ಅನ್ನುತ್ತಿದ್ದರು ಸರ್. ಅವತ್ತು ಅವನು ಹಾಕಿಕೊಂಡಿದ್ದ ಟೀ ಶರ್ಟಿಗೂ ಜೇಬಿಲ್ಲ, ಆಟದ ಪ್ಯಾಂಟಿಗೂ ಜೇಬಿಲ್ಲ. ಬೆಳಿಗ್ಗೆ ವಾಲಿಬಾಲ್ ಆಡಿ ಹಾಗೇ ಬಂದಿದ್ದ. ಫ್ಯೂಸ್ ಕಿತ್ತವನು ಅದನ್ನು ಮೇನ್ ಪೆಟ್ಟಿಗೆಯ ತಲೆಯ ಮೇಲೆ ಇಟ್ಟು ಒಳಗೆ ಬಂದ. ಸರ್ ಅವರನ್ನು ಆಫೀಸಿನಿಂದ ಕರೆದರು, ಅವರು ಅತ್ತ ಹೋದರು. ನಾನು ಇನ್ಸುಲೇಷನ್ ಟೇಪು ಹುಡುಕುತ್ತಾ ಸ್ಟೋರ್ ರೂಮಿನಲ್ಲಿದ್ದೆ.

ಕಿರುಚಿದ್ದು ಕೇಳಿಸಿತು. ಓಡಿ ಬಂದಾಗ ಗೋವಿನಕೋವಿ ಸ್ಟೂಲಿನಿಂದ ಕೆಳಗೆ ಬಿದ್ದು ಕೈ ಹಿಡಿದುಕೊಂಡು ನಡುಗುತ್ತಿದ್ದ. ಅಂಗೈ ಸುಟ್ಟಿತ್ತು. ಯಾರೋ ಫ್ಯೂಸ್ ಹಾಕಿ ಕರೆಂಟು ಕೊಟ್ಟಿದ್ದರು. ಕಿರುಚಿದ್ದು ಕೇಳಿದ್ದೇ ಕಿತ್ತೂ ಬಿಟ್ಟಿದ್ದರು. ಹುಡುಗರೆಲ್ಲ ಅವನನ್ನು ಮುತ್ತಿಕೊಂಡಿದ್ದರು. ಯಾರು ಎಲ್ಲಿಂದ ಬಂದರು ಅಂತ ನೋಡುವ ಸ್ಥಿತಿ ಯಾರಿಗೂ ಇರಲಿಲ್ಲ. ಸರ್ ಓಡಿ ಬಂದು, ಅವನ ನಾಡಿ ಹಿಡಿದು, ಎದೆಗೆ ಕಿವಿಯಿಟ್ಟು ಕೇಳಿ, ಇಬ್ಬರ ಜೊತೆ ಆಸ್ಪತ್ರೆಗೆ ಕಳಿಸಿದರು. ಜೀವಕ್ಕೇನೂ ತೊಂದರೆಯಿಲ್ಲ ಅಂತ ಸ್ವಲ್ಪ ಹೊತ್ತಿಗೆ ಅಲ್ಲಿಂದ ಫೋನು ಬಂತು.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದಿದ್ದರು. "ಯಾರ್ರೀ ಮಾಡಿದ್ದು?" ಹಿಂದಿನಿಂದ ಒಂದು ದನಿ ಬಂತು: "ನ್ಯಾಮತಿ ಬೆಂಚು ಹಿಂದಿನ ಬಾಗಿಲ ಹತ್ರನೇ ಐತಲ್ಲ ಸರ್."

ಹೌದು, ನನ್ನ ಬೆಂಚು ಮೇನ್ ಕಡೆಗೆ ಹೋಗುವ ಬಾಗಿಲಿಗೆ ತಾಗಿತ್ತು. ಆ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲ, ಸ್ಟೋರ್ ರೂಮಿನಲ್ಲಿದ್ದೆ. ಆದರೆ ನನ್ನನ್ನು ಸ್ಟೋರಿನಲ್ಲಿ ನೋಡಿದವರು ಒಬ್ಬರೂ ಇಲ್ಲ. ಪ್ರಿನ್ಸಿಪಾಲರು ನನ್ನ ಕಡೆ ನೋಡಿ, ಸರ್‌ಗೆ ಹೇಳಿದರು.

"ನಾನು ಮೊದ್ಲೇ ಹೇಳಿದ್ದೆ. ಹುಡುಗೀರಿಗೆ ಇದೆಲ್ಲ ಯಾಕ್ರೀ? ಸಂಜೆಯೊಳಗೆ ಯಾರು ಅಂತ ಹೆಸರು ಕೊಡ್ರಿ. ಇಲ್ಲಾಂದ್ರೆ ನಾಳೆಯಿಂದ ಈಕೆ ಟೈಲರಿಂಗ್‌ನಲ್ಲಿ ಕೂತ್ಕೊಳ್ಳಲಿ. ರಿಸ್ಕ್ ನನಗೆ ಬ್ಯಾಡ."

ಅವರು ಹೋದರು. ಕರೆಂಟಿಲ್ಲದೆ ಫ್ಯಾನು ನಿಂತಿತ್ತು. ನಾನು ಅಳಲಿಲ್ಲ. ಬಸ್ ಪಾಸನ್ನು ಕೈಯಲ್ಲಿ ಮಡಚುತ್ತಾ ಬಿಡಿಸುತ್ತಾ ಕೂತಿದ್ದೆ.

ಸರ್ ವಿಚಾರಣೆ ಮಾಡುತ್ತಾರೆ, ಕೂಗುತ್ತಾರೆ, ಕೋಲು ಹಿಡಿಯುತ್ತಾರೆ ಅಂತ ಎಲ್ಲರೂ ಕಾದರು. ಅವರು ಕನ್ನಡಕ ಒರೆಸಿದರು. ಮುಂದಿನ ಬೆಂಚಿನ ಮೊದಲ ಜಾಗದಲ್ಲಿದ್ದವನನ್ನು ನೋಡಿದರು. ತಂಟೆ ಜಾಸ್ತಿ ಅಂತ ಕೆರೆಬಿಳಚಿಯನ್ನು ಅವರೇ ಅಲ್ಲಿ ಕೂರಿಸಿದ್ದರು.

"ಏ ಕೆರೆಬಿಳಚಿ. ಮೇನ್ ನೋಡಿ ಬರೋಣ ಬಾ."

ಅವನು ಹೋಗಿ ಬಂದ. ಮುಖವೆಲ್ಲ ನೀರು. "ಬಿಸಿಲು ಐತೆ, ನಲ್ಲೀಲಿ ಮುಖ ತೊಳ್ಕಂಡು ಹೋಗು ಅಂದ್ರು" ಅಂತ ತಾನೇ ಹೇಳಿ ಕೂತ. ಅವನ ಪಕ್ಕದವನನ್ನು ಕರೆದರು. ಅವನೂ ಮುಖ ತೊಳೆದುಕೊಂಡು ಬಂದ. ಆಮೇಲೆ ಮೂರನೆಯವನು. ಹೀಗೆ ಬೆಂಚು ಬೆಂಚು ಮುಗಿಸುತ್ತಾ ಬಂದರು. ಮಧ್ಯಾಹ್ನ ಪೂರ್ತಿ ಆ ಬಿಸಿಲಿನಲ್ಲಿ ಅವರು ಒಳಗೆ ಬಂದು ಒಬ್ಬನನ್ನು ಕರೆಯುವುದು, ಹೊರಗೆ ಹೋಗುವುದು, ಮತ್ತೆ ಬರುವುದು. ಆಸ್ಪತ್ರೆಯಿಂದ ವಾಪಸಾದ ಇಬ್ಬರನ್ನೂ ಬಿಡಲಿಲ್ಲ. ಸರ್ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಬಂದವರೆಲ್ಲ ಒದ್ದೆ ಮುಖದಲ್ಲಿ ಕೂತಿದ್ದರು. ನಾನು ಕೊನೆಯವಳು.

ಮೇನ್ ಹತ್ತಿರ ನಿಂತ ಕೂಡಲೇ ನಾನೇ ಶುರು ಮಾಡಿದೆ. "ಸರ್, ನಾನು ಮಾಡಿಲ್ಲ."

"ನಾನು ಕೇಳಿದ್ನಾ?"

"ಇಲ್ಲ ಸರ್."

"ಮತ್ತೆ? ಟೈಲರಿಂಗಿಗೆ ಹಾಕ್ತೀವಿ ಅಂದ್ರೆ ಏನ್ ಮಾಡ್ತೀಯ?"

"ಹೋಗಲ್ಲ ಸರ್. ಮನೇಲಿ ಕೂರ್ತೀನಿ, ಅಲ್ಲಿಗೆ ಹೋಗಲ್ಲ."

"ಮನೇಲಿ ಯಾಕೆ ಕೂರ್ತೀಯ? ನಾಳೆ ಸ್ಟಾರ್ಟರ್ ಕನೆಕ್ಷನ್ ನೀನೇ ಮಾಡೋದು. ಆ ಹುಡುಗನ ಕೈ ವಾಸಿ ಆಗೋತಂಕ ಅವನ ಕೆಲಸ ಯಾರು ಮಾಡ್ತಾರೆ?" ಅಂದವರು ನಲ್ಲಿಯ ಕಡೆ ಕೈ ತೋರಿಸಿದರು. "ಬಿಸಿಲು ಐತೆ. ಮುಖ ತೊಳ್ಕಂಡು ಹೋಗು."

ಸಂಜೆ ಅವರು ಆಫೀಸಿಗೆ ಹೋದರು. ಆ ಗಂಟಲಿನ ಕೃಪೆಯಿಂದ ಒಳಗಿನ ಮಾತು ಅಂಗಳದಲ್ಲಿದ್ದ ನಮಗೆಲ್ಲ ಕೇಳಿಸಿತು.

"ಯಾರು ಅಂತ ಗೊತ್ತಾಗೈತೆ ಸರ್. ಆ ಹುಡುಗಿ ಅಲ್ಲ."

ಪ್ರಿನ್ಸಿಪಾಲರು ಏನೋ ಕೇಳಿದರು.

"ಹೆಸರು ಹೇಳಾಕೆ ಬರಲ್ಲ. ಶೆಡ್ ನಂದು. ಕರೆದ್ರು ಅಂತ ಫ್ಯೂಸ್ ನೋಡದೆ ಬಿಟ್ಟು ಬಂದೋನು ನಾನು. ಬರ್ಕಳಿ, ತಪ್ಪು ನಂದು ಅಂತ. ನೋಟಿಸ್ ಕೊಡೋದಿದ್ರೆ ನನಗೆ ಕೊಡಿ."

ಕೊಟ್ಟರು. ಅವರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಚನ್ನಗಿರಿ ಬಸ್ಸು ಹತ್ತಿದರು. ಮರುದಿನ ಸ್ಟಾರ್ಟರ್ ಕನೆಕ್ಷನ್ ನಾನು ಮಾಡಿದೆ. ಫ್ಯೂಸ್ ನನ್ನ ಕೈಗೆ ಕೊಟ್ಟು, ಚೂಡಿದಾರದ ಜೇಬು ಮುಟ್ಟಿ ನೋಡಿಕೋ ಅಂದರು. ಕೆಲಸ ಮುಗಿದ ಮೇಲೆ ಸ್ಕ್ರೂ ತಿರುಗಿಸಿ ನೋಡಿ, ಇದಕ್ಕೆ ಕರೆಂಟ್ ಕೊಡಬಹುದು ಅಂದರು.

ಯಾರು ಮಾಡಿದ್ದು ಅಂತ ಐಟಿಐ ಮುಗಿಯುವವರೆಗೂ ನಮಗೆ ಗೊತ್ತಾಗಲಿಲ್ಲ. ಎಲ್ಲರೂ ಮೇನ್ ಹತ್ತಿರ ಹೋಗಿ ಬಂದವರೇ, ಎಲ್ಲರದೂ ಒದ್ದೆ ಮುಖವೇ. ಯಾರನ್ನು ಬೆರಳು ಮಾಡಿ ತೋರಿಸುವುದು? ಕೆಲವು ದಿನ ಗುಸುಗುಸು ಇತ್ತು, ಪರೀಕ್ಷೆ ಬಂತು, ಮರೆತರು.

ಬಿ.ಇ. ಮುಗಿದಾಗ ಸರ್ಟಿಫಿಕೇಟು ತೋರಿಸಲು ಚನ್ನಗಿರಿಗೆ ಹೋಗಿದ್ದೆ. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಮನೆಯಲ್ಲಿದ್ದರು. ಕನ್ನಡಕ ಒರೆಸಿಕೊಂಡು, ಮುದ್ರೆ, ಸಹಿ ಎಲ್ಲ ನೋಡಿ, ಅದನ್ನು ನನ್ನ ಕೈಗೆ ಕೊಡುತ್ತಾ ಅವರ ಒಂದೇ ಹೊಗಳಿಕೆಯನ್ನು ಹೇಳಿದರು. ಹೊಟ್ಟೆ ಕುಣಿಯಿತು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಈ ವರ್ಷ ಅವರು ತೀರಿಕೊಂಡರು. ಸುದ್ದಿ ತಡವಾಗಿ ಬಂತು. ನಾನು, ಗೋವಿನಕೋವಿ, ಕೆರೆಬಿಳಚಿ ಮೂವರೂ ಹೊಂದಿಸಿಕೊಂಡು ಮನೆಗೆ ಹೋದೆವು. ಅವರ ಹೆಂಡತಿ ನಮ್ಮನ್ನು ಕೂರಿಸಿ, "ಅವರು ಮನೇಲಿ ಮಾತೇ ಆಡ್ತಿರಲಿಲ್ಲ ಕಣವ್ವ. ಎಲ್ಲಾ ಅಲ್ಲೇ ನಿಮ್ಮ ಹತ್ರನೇ ಖಾಲಿ ಮಾಡಿ ಬರ್ತಿದ್ರೇನೋ" ಅಂದರು. ಗೋಡೆಯ ಫೋಟೋದಲ್ಲೂ ಹುಬ್ಬು ಹಾಗೇ ಇತ್ತು.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಕೂತಿದ್ದೆವು. ಇವರಿಬ್ಬರೂ ಈಗ ಹೊನ್ನಾಳಿಯಲ್ಲಿ ಜೊತೆಯಾಗಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಹಿಂದಿನ ಕತೆ ಬಂತು, ಆ ಮಧ್ಯಾಹ್ನವೂ ಬಂತು. ಮೇನ್ ಹತ್ತಿರ ಅವತ್ತು ಯಾರಿಗೆ ಏನಂದರು ಅಂತ ನಾನು ಕೇಳಿದೆ. ಉಳಿದ ಹುಡುಗರಲ್ಲಿ ಕೆಲವರನ್ನು ಆಗಲೇ ಕೇಳಿದ್ದೆ; ಅವರೆಲ್ಲ ಹೇಳಿದ್ದು ಒಂದೇ. ಸರ್ ಏನೂ ಕೇಳಲಿಲ್ಲ, ಮನೆಯ ಕೆಟ್ಟ ಸ್ವಿಚ್ ಸರಿ ಮಾಡಿದೆಯಾ ಅಂತ ವಿಚಾರಿಸಿ ಕಳಿಸಿದರು ಅಂತ. ಅದು ನನಗೆ ಒಗಟಾಗಿಯೇ ಉಳಿದಿತ್ತು. ಏನನ್ನೂ ಕೇಳದೆ ಅವರಿಗೆ ಗೊತ್ತಾದದ್ದು ಹೇಗೆ?

ಕೆರೆಬಿಳಚಿ ಲೋಟ ಕೆಳಗಿಟ್ಟ.

"ನಾನೇ ಕಣೆ ನ್ಯಾಮತಿ."

ನಾನು ಗೋವಿನಕೋವಿಯ ಮುಖ ನೋಡಿದೆ. ಅವನು ಆರಾಮವಾಗಿ ಚಾ ಕುಡಿಯುತ್ತಿದ್ದ. ಅವನಿಗೆ ಹೊಸದೇನಲ್ಲ ಅದು.

"ಹೊನ್ನಾಳೀಲಿ ನಮ್ಮ ಚಿಕ್ಕಮ್ಮನ ಮನೇಲಿ ಇದ್ನಲ್ಲ, ಅವತ್ತು ಬೆಳಿಗ್ಗೆಯಿಂದ ಕರೆಂಟಿಲ್ಲ. ಫೋನ್ ಸತ್ತಿತ್ತು. ಶೆಡ್ಡಿನ ಪ್ಲಗ್ಗಿಗೆ ಹಾಕಿದ್ರೆ ಅಲ್ಲೂ ಇಲ್ಲ. ಹೊರಗೆ ಹೋಗಿ ನೋಡ್ದೆ, ಫ್ಯೂಸ್ ಪೆಟ್ಟಿಗೆ ಮ್ಯಾಲೆ ಕುಂತೈತೆ. ಇವನು ಬೋರ್ಡಿಗೆ ಕೈ ಹಾಕಿರೋದು ನಾನು ನೋಡಿರ್ಲಿಲ್ಲ. ಯಾರೋ ಮರ್ತು ಹೋಗವ್ರೆ ಅಂದ್ಕಂಡೆ. ಜೇಬಲ್ಲಿ ಇಲ್ಲಾಂದ್ರೆ ಯಾರೂ ಕೆಲ್ಸ ಮಾಡ್ತಿಲ್ಲ ಅಂತ ತಾನೆ ಲೆಕ್ಕ?"

"ನನ್ನ ಪ್ಯಾಂಟಿಗೆ ಜೇಬಿರಲಿಲ್ಲ ಮಾರಾಯ, ಎಷ್ಟು ಸಲ ಹೇಳ್ಲಿ" ಅಂದ ಗೋವಿನಕೋವಿ.

"ಮೇನ್ ಹತ್ರ ಹೋಗ್ತಿದ್ದಂಗೆ ಅತ್ತುಬಿಟ್ಟೆ. ಸರ್ ಕೇಳೋ ಮುಂಚೆನೇ ಎಲ್ಲಾ ಹೇಳ್ದೆ. ಪ್ರಿನ್ಸಿಪಾಲ್‌ಗೆ ಹೇಳ್ತೀನಿ ಅಂದೆ. ಬ್ಯಾಡ, ಯಾರಿಗೆ ಹೇಳಬೇಕೋ ಅವನಿಗೆ ಹೇಳು ಅಂದ್ರು. ಇವತ್ತೇ ಗೋವಿನಕೋವಿಗೆ ಹೋಗು, ಅವರ ಮನೆ ಬಾಗಿಲಿಗೆ ಹೋಗಿ ಅವನ ಮುಂದೆ ಹೇಳು, ಆಮೇಲೆ ಇಬ್ರೂ ಬಾಯಿ ಮುಚ್ಕಳ್ರಿ ಅಂದ್ರು. ಅದೇ ಶಿಕ್ಷೆ."

"ಬಂದಿದ್ದ" ಅಂದ ಗೋವಿನಕೋವಿ. "ನಮ್ಮವ್ವ ಇವನಿಗೇ ಊಟ ಹಾಕಿ ಕಳಿಸಿದ್ಲು."

ನಾನು ತಿರುಗಿ ಕೇಳಿದೆ. "ಮೊದಲು ಹೋದೋನು ನೀನೇ ಅಲ್ವೇನೋ?"

"ಹೂಂ."

"ಹಂಗಾದ್ರೆ ಸರ್‌ಗೆ ಆಗಲೇ ಗೊತ್ತಾಗಿತ್ತು."

"ಹೂಂ. ಹೋಗಾಕೆ ತಿರುಗಿದೆ, ಅಳು ನಿಲ್ಲಲೇ ಇಲ್ಲ. ಒಳಗೆ ಹೋದ್ರೆ ಎಲ್ಲಾರಿಗೂ ಗೊತ್ತಾಗುತ್ತೆ ಸರ್ ಅಂದೆ. ನಲ್ಲಿ ತೋರಿಸಿದ್ರು. ಮುಖ ತೊಳ್ಕೋ ಅಂದ್ರು. ಆಮೇಲೆ ನಿಮ್ಮನ್ನೆಲ್ಲ ಕರೆಯಾಕೆ ಶುರು ಮಾಡಿದ್ರು."

ಹೊನ್ನಾಳಿ ಬಸ್ಸು ಬಂತು. ಇಬ್ಬರೂ ಎದ್ದರು. ಇದನ್ನು ಬರೆಯಲಾ ಅಂತ ಕೇಳಿದ್ದಕ್ಕೆ ಕೆರೆಬಿಳಚಿ, "ಬರಿ. ಈಗ ನೋಟಿಸ್ ಕೊಡೋಕೆ ಯಾರವ್ರೆ?" ಅಂದು ಬಸ್ಸು ಹತ್ತಿದ.

ನಾನು ಈಗ ಜಗಳೂರು ಕಡೆಯ ಒಂದು ತರಬೇತಿ ಕೇಂದ್ರದಲ್ಲಿ ಬೋಧಕಿ. ನಮ್ಮ ಮೇನ್ ಸ್ವಿಚ್ ಕಟ್ಟಡದ ಒಳಗೇ ಇದೆ, ಹಾಗಾಗಿ ನಾನು ಮಕ್ಕಳನ್ನು ಕರೆದುಕೊಂಡು ಹೋಗುವುದು ಹಿಂದಿನ ನೀರಿನ ಟ್ಯಾಂಕಿನ ಹತ್ತಿರ. ಕಳೆದ ವಾರ ಯಾರೋ ಕರೆಂಟು ಅಳೆಯುವ ಮೀಟರಿನ ಗುಂಡಿಯನ್ನು ತಪ್ಪು ಜಾಗಕ್ಕೆ ತಿರುಗಿಸಿ ಅದನ್ನು ಸುಟ್ಟಿದ್ದರು. ಒಬ್ಬಿಬ್ಬರು ನನ್ನ ಕಿವಿಗೆ ಒಂದು ಹೆಸರು ಹಾಕಲು ಬಂದರು. ಕೇಳಿಸಿಕೊಳ್ಳಲಿಲ್ಲ. ಒಬ್ಬೊಬ್ಬರನ್ನೇ ಟ್ಯಾಂಕಿನ ಹತ್ತಿರ ಕರೆದೆ. ಸ್ವಲ್ಪ ಹೊತ್ತಿಗೇ ಒಬ್ಬರು ಒಪ್ಪಿಕೊಂಡರು. ಹುಡುಗನೋ ಹುಡುಗಿಯೋ ಇಲ್ಲಿ ಬರೆಯುವುದಿಲ್ಲ. ಕಣ್ಣು ಕೆಂಪಾಗಿತ್ತು. ಮಾಡಬೇಕಾದದ್ದನ್ನು ಹೇಳಿದೆ. ಟ್ಯಾಂಕಿನ ನಲ್ಲಿ ತೋರಿಸಿದೆ.

ಜಗಳೂರಿನ ಬಿಸಿಲು ಹೊನ್ನಾಳಿಯದಕ್ಕಿಂತ ಒಂದು ಕೈ ಮೇಲೆ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಬಾಗಿಲಿಗೆ ಬಂದು, ಮುಂದಿನವರನ್ನು ಕರೆದೆ.